ಎರಕದ ಕ್ಯಾನೊಪಿ ಮಂಜಾಗಿದೆ, ಅಂಟಂಟಾಗಿದೆ, ಹಳದಿಯೂ ಆಗಿದೆ

ಪ್ರಶ್ನೆ: ಸರ್, ನಮ್ಮೂರು ಹುಬ್ಬಳ್ಳಿ, ಈಗ ಇರುವುದು ಗೋವಾದ ವಾಸ್ಕೋದಲ್ಲಿ. 1:48 ಅಳತೆಯ ಸೀ ಹಾಕ್ ವಿಮಾನದ ಮಾದರಿ ಕಿಟ್ ಕಟ್ಟುತ್ತಿದ್ದೇನೆ. ಅದರ ಕ್ಯಾನೊಪಿ, ಅಂದರೆ ಪೈಲಟ್ ತಲೆಯ ಮೇಲಿನ ಪಾರದರ್ಶಕ ಮುಚ್ಚಳ, ಕೈಜಾರಿ ಬಿದ್ದು ಬಿರುಕು ಬಿಟ್ಟಿತು. ಬಿರುಕಿನ ಮೇಲೆ ಟೇಪ್ ಅಂಟಿಸಿ, ಬಾತ್‌ರೂಮ್ ಸಂದಿಗೆ ತುಂಬುವ ಸಿಲಿಕೋನ್‌ನಲ್ಲಿ ಅಚ್ಚು ತೆಗೆದೆ. ಅಲಂಕಾರದ ಸಾಮಾನು ಮಾಡುವವರು ಬಳಸುವ ಎಪಾಕ್ಸಿ ರೆಸಿನ್ ಹೊಯ್ದೆ. ಆಗ ಜುಲೈ ಮಳೆ. ಬಂದದ್ದರಲ್ಲಿ ಸೋಡಾದ ಹಾಗೆ ಗುಳ್ಳೆ, ಮೇಲೆಲ್ಲ ಮಂಜು, ಮುಟ್ಟಿದರೆ ಅಂಟು. ಕಿಟಕಿಯಲ್ಲಿ ಇಟ್ಟಿದ್ದಕ್ಕೆ ಕೆಲವು ವಾರಗಳಲ್ಲಿ ಹಳದಿಯೂ ಆಯಿತು. ಎರಕವನ್ನು ಗಾಳಿಯ ಒತ್ತಡದಲ್ಲಿ ಇಡುವ ಪ್ರೆಷರ್ ಪಾಟ್ ಇಲ್ಲದೆ ಇದು ಆಗುವ ಕೆಲಸ ಅಲ್ಲ ಅನ್ನುತ್ತಾರೆ. ಹಳೇ ಕುಕ್ಕರ್‌ಗೆ ಕಂಪ್ರೆಸರ್ ಜೋಡಿಸಿದರೆ ಆಗುತ್ತದಾ?

ಉತ್ತರ: ಕೊನೆಯ ಪ್ರಶ್ನೆಗೇ ಮೊದಲು ಉತ್ತರ ಹೇಳಿಬಿಡುತ್ತೇನೆ. ಕುಕ್ಕರ್ ಬೇಡ. ಖಂಡಿತ ಬೇಡ. ಮನೆಯ ಕುಕ್ಕರ್ ಸೀಟಿ ಹೊಡೆಯುವುದೇ ಸುಮಾರು 15 ಪಿಎಸ್‌ಐ ಒತ್ತಡದಲ್ಲಿ. ರೆಸಿನ್ ಎರಕಕ್ಕೆ ಜನ ಬಳಸುವುದು 40ರಿಂದ 60 ಪಿಎಸ್‌ಐ. ಅಷ್ಟು ಗಾಳಿ ತುಂಬಬೇಕು ಅಂದರೆ ಸೀಟಿಯನ್ನೂ ಸೇಫ್ಟಿ ವಾಲ್ವನ್ನೂ ಮುಚ್ಚಬೇಕು. ಎರಡನ್ನೂ ಮುಚ್ಚಿದ ಮೇಲೆ ಅದು ಕುಕ್ಕರ್ ಅಲ್ಲ, ಬಾಂಬು. ಕಂಪ್ರೆಸರ್ ಆನ್ ಮಾಡುವಾಗ ಅದರ ಮುಂದೆ ಬಗ್ಗಿಕೊಂಡು ಇರುವವರು ನೀವೇ ಅಲ್ವಾ?

ಈಗ ನಿಮ್ಮ ಕ್ಯಾನೊಪಿಗೆ ಬರೋಣ. ಅದಕ್ಕೆ ಬಂದಿರುವುದು ಒಂದು ಕಾಯಿಲೆ ಅಲ್ಲ, ನಾಲ್ಕು. ಗುಳ್ಳೆ, ಮಂಜು, ಅಂಟು, ಹಳದಿ. ನಾಲ್ಕಕ್ಕೂ ಕಾರಣ ಬೇರೆ ಬೇರೆ. ರೆಸಿನ್ ಸರಿ ಇಲ್ಲ ಅಂತ ಬೇರೆ ಕಂಪನಿಯದು ತಂದರೆ ನಾಲ್ಕರಲ್ಲಿ ಒಂದು ಹೋಗಬಹುದು, ಅಷ್ಟೇ.

ಮೊದಲು ಒಂದು ಲೋಟ ನೀರು ತನ್ನಿ. ಆ ಎರಕವನ್ನು ನೀರಲ್ಲಿ ಮುಳುಗಿಸಿ, ಲೋಟದ ಹಿಂದೆ ಒಂದು ಪೇಪರ್ ಹಿಡಿದು ನೋಡಿ. ಮಂಜು ಮಾಯವಾಗಿ ಅಕ್ಷರ ಕಂಡಿತು ಅಂದರೆ ದೋಷ ಇರುವುದು ಮೈಮೇಲೆ ಮಾತ್ರ. ಮೈಮೇಲಿನ ಸಣ್ಣ ಸಣ್ಣ ಗೀರುಗಳಲ್ಲಿ ಗಾಳಿಯ ಬದಲು ನೀರು ತುಂಬಿಕೊಳ್ಳುತ್ತದೆ. ಬೆಳಕು ಅಡ್ಡಾದಿಡ್ಡಿ ಚದುರುವುದು ನಿಲ್ಲುತ್ತದೆ. ನೀರಲ್ಲೂ ಮಂಜು ಹಾಗೇ ಇದ್ದರೆ ದೋಷ ಒಳಗಿದೆ. ಸಣ್ಣ ಗುಳ್ಳೆಗಳ ಮೋಡ ಇರಬಹುದು, ತೇವ ಸೇರಿರಬಹುದು. ನಿಮ್ಮದು ಬಹುಪಾಲು ಮೈಮೇಲಿನದೇ ಅಂತ ನನ್ನ ಅಂದಾಜು. ಯಾಕೆ ಅಂತ ಹೇಳುತ್ತೇನೆ.

ನಾನು ಮೂವತ್ತು ವರ್ಷ ಠಾಣೆಯ ಒಂದು ಟೂಲ್‌ರೂಮ್‌ನಲ್ಲಿ ಪ್ಲಾಸ್ಟಿಕ್ ಅಚ್ಚುಗಳಿಗೆ ಪಾಲಿಶ್ ಹಾಕಿದವನು. ಅಲ್ಲಿ ಮೊದಲ ದಿನವೇ ಕಲಿಸುತ್ತಿದ್ದ ಮಾತು ಒಂದೇ. ಅಚ್ಚು ಕನ್ನಡಿಯ ಹಾಗಿದ್ದರೆ ವಸ್ತು ಕನ್ನಡಿ, ಅಚ್ಚು ಮಂಕಾಗಿದ್ದರೆ ವಸ್ತುವೂ ಮಂಕು. ಉಕ್ಕಿನ ಅಚ್ಚಿಗಿಂತ ಸಿಲಿಕೋನ್ ಇನ್ನೂ ಚಾಡಿಕೋರ. ಮಾಸ್ಟರ್, ಅಂದರೆ ಅಚ್ಚು ತೆಗೆಯಲು ಇಟ್ಟ ಮೂಲ ವಸ್ತು, ಅದರ ಮೇಲೆ ಏನಿತ್ತೋ ಅದನ್ನೆಲ್ಲ ಬರೆದಿಟ್ಟುಕೊಳ್ಳುತ್ತದೆ. ನಿಮ್ಮ ಟೇಪಿನ ಅಂಚು ಎರಕದಲ್ಲಿ ಗೆರೆಯಾಗಿ ಬಂದಿರಬೇಕು, ಬೆಳಕಿಗೆ ಓರೆಯಾಗಿ ಹಿಡಿದು ನೋಡಿ.

ನನ್ನದೇ ಕಥೆ ಕೇಳಿ. 2023ರ ಸೆಪ್ಟೆಂಬರ್ 15ಕ್ಕೆ ಮುಂಬೈಯ ಹಳೇ ಡೀಸೆಲ್ ಡಬಲ್ ಡೆಕ್ಕರ್ ಬಸ್ಸು ಕೊನೆಯ ಬಾರಿ ಓಡಿತು. ಆ ಬೇಜಾರಿಗೆ 1:43 ಅಳತೆಯಲ್ಲಿ ಮುಂಬೈಯ ನಗರ ಸಾರಿಗೆ ಸಂಸ್ಥೆ ‘ಬೆಸ್ಟ್’ನ ಒಂದು ಬಸ್ಸು ಕಟ್ಟಲು ಕೂತೆ. ಹೆಡ್‌ಲೈಟಿನ ಗಾಜಿಗೆ ಮಾಸ್ಟರ್ ಮಾಡಿದೆ. ನಾಲ್ಕೂವರೆ ಮಿಲಿಮೀಟರ್ ಅಗಲದ ಒಂದು ಗುಂಡಿ, ಅಷ್ಟೇ. ಎರಡು ಸಂಜೆ ಕೂತು ಉಜ್ಜಿದೆ, ಟ್ಯೂಬ್‌ಲೈಟ್ ಅದರಲ್ಲಿ ಕೂದಲೆಳೆಯ ಹಾಗೆ ಕಾಣುವವರೆಗೆ. ಆಮೇಲೆ ಅದನ್ನು ಸಿಲಿಕೋನ್ ಹೊಯ್ಯುವ ಡಬ್ಬಿಯ ತಳಕ್ಕೆ ಅಂಟಿಸುವಾಗ ಹೆಬ್ಬೆರಳಲ್ಲಿ ಒಮ್ಮೆ ಒತ್ತಿದೆ. ಅಷ್ಟೇ ಆದದ್ದು. ಹನ್ನೆರಡು ಹೆಡ್‌ಲೈಟ್ ಹೊಯ್ದೆ, ಹನ್ನೆರಡರಲ್ಲೂ ನನ್ನ ಹೆಬ್ಬೆಟ್ಟು. ಭೂತಗನ್ನಡಿಯಲ್ಲಿ ಗೆರೆ ಎಣಿಸಬಹುದಿತ್ತು. ಬೆರಳಿನ ಜಿಡ್ಡೇ ಅಷ್ಟು ಅಚ್ಚಾಗುತ್ತದೆ ಅಂದರೆ ಮರಳು ಕಾಗದದ ಗೀರು ಏನು ಮಾಡೀತು ನೋಡಿ.

ಹಾಗಾಗಿ ಮಾಸ್ಟರ್‌ಗೆ ನೀರು ಹಾಕಿ ಉಜ್ಜಬೇಕು. 600, 1000, 1500, 2000, ಸಿಕ್ಕರೆ 3000 ನಂಬರಿನ ವಾಟರ್ ಪೇಪರ್. ಕಾಗದ ಬದಲಿಸಿದಾಗಲೆಲ್ಲ ಉಜ್ಜುವ ದಿಕ್ಕನ್ನೂ ಬದಲಿಸಿ. ಹಿಂದಿನ ಗೀರು ಅಡ್ಡಡ್ಡ ಎದ್ದು ಕಾಣುತ್ತದೆ. ಅದು ಪೂರ್ತಿ ಹೋಗುವವರೆಗೆ ಮುಂದಿನ ನಂಬರಿಗೆ ಹೋಗಬೇಡಿ. ಕೊನೆಗೆ ಹತ್ತಿ ಬಟ್ಟೆಯಲ್ಲಿ ಬ್ರಾಸೊ. ಆಮೇಲೆ ಸೋಪು ನೀರಲ್ಲಿ ತೊಳೆದು, ಇಕ್ಕಳದಲ್ಲೇ ಹಿಡಿಯಿರಿ. ಹೆಬ್ಬೆರಳು ದೂರ.

ಇನ್ನು ಬಾತ್‌ರೂಮ್ ಸಿಲಿಕೋನ್. ಹಚ್ಚುವಾಗ ವಿನಿಗರ್ ವಾಸನೆ ಬಂತು ಅಲ್ವಾ? ಅದು ಗಾಳಿಯ ತೇವ ಹೀರಿಕೊಂಡು ಹೊರಗಿನಿಂದ ಒಳಕ್ಕೆ ಗಟ್ಟಿಯಾಗುವ ಜಾತಿ. ಗಟ್ಟಿಯಾಗುವಾಗ ಅಸಿಟಿಕ್ ಆಮ್ಲ ಬಿಡುತ್ತದೆ. ದಪ್ಪ ಅಚ್ಚಿನ ಒಳಗಡೆ ದಿನಗಟ್ಟಲೆ ಹಸಿಯಾಗೇ ಇರುತ್ತದೆ. ಆ ಹಸಿ ಮೈ ಮೇಲೆ ನೀವು ರೆಸಿನ್ ಹೊಯ್ದಿದ್ದೀರಿ. ಪೇಸ್ಟಿನ ಹಾಗಿರುವುದರಿಂದ ಹಚ್ಚುವಾಗಲೇ ಗಾಳಿಯೂ ಸಿಕ್ಕಿಕೊಳ್ಳುತ್ತದೆ. ಅಚ್ಚಿಗೆ ಅಂತಲೇ ಬರುವ ಎರಡು ಭಾಗದ ಸಿಲಿಕೋನ್ ತನ್ನಿ. ಅದರಲ್ಲೂ, ಗಟ್ಟಿ ಮಾಡುವ ಪದಾರ್ಥದ ಹೆಸರಲ್ಲಿ, ಎರಡು ಜಾತಿ, ಟಿನ್ ಮತ್ತು ಪ್ಲಾಟಿನಂ. ಟಿನ್ ಅಗ್ಗ. ಆದರೆ ಗಟ್ಟಿಯಾದ ಮೇಲೂ ಅದರಿಂದ ಆಲ್ಕೋಹಾಲ್ ಆವಿ ಬರುತ್ತಿರುತ್ತದೆ, ದಿನ ಹೋದಂತೆ ಅಚ್ಚು ಸ್ವಲ್ಪ ಕುಗ್ಗುತ್ತದೆ. ಪಾರದರ್ಶಕ ರೆಸಿನ್‌ನ ಮೈ ಅದರಿಂದ ಕೆಡಬಹುದು. ಗಾಜಿನಂಥ ಭಾಗಕ್ಕೆ ಪ್ಲಾಟಿನಂ ಜಾತಿಯೇ ಸರಿ. ಇದಕ್ಕೆ ಗಂಧಕ ಕಂಡರೆ ಆಗುವುದಿಲ್ಲ. ಗಂಧಕ ಇರುವ ಜೇಡಿ, ರಬ್ಬರಿನ ಲೇಟೆಕ್ಸ್ ಗ್ಲೌಸ್, ಹಳೇ ಟಿನ್ ಸಿಲಿಕೋನ್ ಅಂಟಿದ ಕಡ್ಡಿ, ಇವುಗಳಲ್ಲಿ ಯಾವುದು ತಗಲಿದರೂ ಆ ಜಾಗ ಗಟ್ಟಿಯಾಗದೆ ಲೋಳೆಯಾಗಿ ಉಳಿಯುತ್ತದೆ. ನೈಟ್ರೈಲ್ ಗ್ಲೌಸ್ ಹಾಕಿಕೊಳ್ಳಿ.

ಅಂಟಿನ ವಿಷಯ. ಎರಕವನ್ನು ಬೆಚ್ಚಗಿನ ನೀರು, ಸೋಪು ಹಾಕಿ ತೊಳೆಯಿರಿ. ಅಂಟು ಹೋಯಿತು ಅಂದರೆ ಅದು ಮಳೆಯ ಕೆಲಸ. ಎಪಾಕ್ಸಿ ಗಟ್ಟಿಯಾಗಲು ಕಲಸುವ ಎರಡನೇ ಬಾಟಲಿಯ ಹಾರ್ಡನರ್‌ನಲ್ಲಿ ಅಮೈನ್ ಅನ್ನುವ ರಾಸಾಯನಿಕ ಇರುತ್ತದೆ. ಅದು ಗಾಳಿಯ ತೇವ ಮತ್ತು ಇಂಗಾಲದ ಡೈಆಕ್ಸೈಡ್ ಜೊತೆ ಸೇರಿ ಮೇಲೆ ಮೇಣದಂಥ ಪದರ ಕಟ್ಟುತ್ತದೆ. ನಮ್ಮ ಕರಾವಳಿಯ ಜುಲೈನಲ್ಲಿ ಹಪ್ಪಳವೇ ಮೆತ್ತಗಾಗುತ್ತದೆ, ಎಪಾಕ್ಸಿ ಸುಮ್ನೆ ಇರುತ್ತದಾ? ತೊಳೆದರೂ ಅಂಟು ಹೋಗಲಿಲ್ಲ ಅಂದರೆ ಒಂದೋ ಆ ಹಸಿ ಸಿಲಿಕೋನ್ ಕಾರಣ, ಇಲ್ಲ ಅಳತೆ ತಪ್ಪು.

ಅಳತೆ ತಪ್ಪುವುದು ತುಂಬ ಸುಲಭ. ಬಾಟಲಿ ಮೇಲೆ 2:1 ಅಂತ ಬರೆದಿರುತ್ತದೆ. ಅದು ತೂಕದ್ದೋ, ಮಿಲಿಲೀಟರಿನದ್ದೋ ಅಂತ ಸಣ್ಣ ಅಕ್ಷರ ಓದಿ. ರೆಸಿನ್ ಹಾರ್ಡನರ್‌ಗಿಂತ ಭಾರ. ಮಿಲಿಲೀಟರಿನಲ್ಲಿ 2:1 ಇರುವುದು ತೂಕಕ್ಕೆ ಬಂದಾಗ ಸುಮಾರು 100ಕ್ಕೆ 43 ಅಥವಾ 45 ಆಗಬಹುದು. ಅದನ್ನು ತೂಕದಲ್ಲೂ 100ಕ್ಕೆ 50 ಅಂತ ಹಾಕಿದರೆ ಹಾರ್ಡನರ್ ಜಾಸ್ತಿ. ಬೇಗ ಗಟ್ಟಿಯಾಗಲಿ ಅಂತ ಇನ್ನೆರಡು ಹನಿ ಸೇರಿಸುವವರೂ ಇದ್ದಾರೆ. ಪಾಲಿಯೆಸ್ಟರ್ ರೆಸಿನ್‌ನಲ್ಲಿ ಕ್ಯಾಟಲಿಸ್ಟ್ ಹನಿ ಹೆಚ್ಚು ಕಮ್ಮಿ ಮಾಡಬಹುದು, ಎಪಾಕ್ಸಿಯಲ್ಲಿ ಆ ಆಟ ನಡೆಯುವುದಿಲ್ಲ. ಇಲ್ಲಿ ಹಾರ್ಡನರ್ ಬರೀ ಹೆಪ್ಪು ಅಲ್ಲ, ಅರ್ಧ ಅಡುಗೆಯೇ ಅದು. ಹೆಚ್ಚಾದದ್ದು ಸೇರಿಕೊಳ್ಳಲು ಜಾಗವಿಲ್ಲದೆ ಒಳಗೇ ಉಳಿದು ಅಂಟಾಗುತ್ತದೆ. ಚಿನ್ನ ತೂಗುವಂಥ, 0.01 ಗ್ರಾಂ ತೋರಿಸುವ ಸಣ್ಣ ತಕ್ಕಡಿ ಒಂದು ಕೊಳ್ಳಿ. ಹತ್ತು ಗ್ರಾಂಗಿಂತ ಕಡಿಮೆ ಕಲಸಬೇಡಿ. ಒಂದು ಕಪ್ಪಿನಲ್ಲಿ ಮೂರು ನಿಮಿಷ, ಗೋಡೆ ತಳ ಕೆರೆಯುತ್ತ ಕಲಸಿ. ಇನ್ನೊಂದು ಕಪ್ಪಿಗೆ ಸುರಿದು ಮತ್ತೆ ಕಲಸಿ. ಮೊದಲ ಕಪ್ಪಿನ ಗೋಡೆಗೆ ಅಂಟಿಕೊಂಡ ಅರೆಬರೆ ಕಲಸಿದ ರೆಸಿನ್ ಅಲ್ಲೇ ಉಳಿಯಲಿ.

ಮಳೆಗಾಲದಲ್ಲಿ ನಾನು ಮಾಡುವ ಉಪಾಯ: ಒಂದು ದೊಡ್ಡ ಥರ್ಮೋಕೋಲ್ ಪೆಟ್ಟಿಗೆ, ಅದರೊಳಗೆ ಹಳೇ ಕಾಲದ 40 ವ್ಯಾಟ್ ಬಲ್ಬು. ಬಲ್ಬು ಗೋಡೆಗೆ ತಾಗದ ಹಾಗೆ ನಡುವೆ ನೇತುಹಾಕಿ, ಜೊತೆಗೆ ಒಂದು ಥರ್ಮಾಮೀಟರ್. ಒಳಗೆ 40 ಡಿಗ್ರಿ ಆದರೆ ಸಾಕು. ಗಾಳಿ ಬಿಸಿಯಾದಾಗ ಅದರ ತೇವದ ಮಟ್ಟ ತಾನೇ ಇಳಿಯುತ್ತದೆ, ರೆಸಿನ್ ಕೂಡ ಸರಿಯಾಗಿ ಬೇಯುತ್ತದೆ. ಕಣ್ಣೆದುರೇ ಇರಲಿ, ಹಚ್ಚಿಟ್ಟು ಮಲಗಬೇಡಿ.

ಹಳದಿಗೆ ಪೂರ್ತಿ ಮದ್ದಿಲ್ಲ. ಎಪಾಕ್ಸಿಗೆ ಬಿಸಿಲಿನ ಯುವಿ, ಅಂದರೆ ನೇರಳಾತೀತ ಕಿರಣ, ಬಿದ್ದರೆ ಇವತ್ತಲ್ಲ ನಾಳೆ ಹಳದಿ ಆಗೇ ಆಗುತ್ತದೆ. ಯುವಿ ತಡೆಯುವ ಪದಾರ್ಥ ಸೇರಿಸಿದ್ದು ನಿಧಾನವಾಗಿ ಆಗುತ್ತದೆ, ಅಷ್ಟೇ ವ್ಯತ್ಯಾಸ. ಮಾದರಿಯನ್ನು ಕಿಟಕಿಯಿಂದ ದೂರ ಇಡಿ. ಸ್ವಲ್ಪ ಹಳದಿ ಇರುವ ರೆಸಿನ್‌ಗೆ, ರೆಸಿನ್‌ಗೆ ಅಂತಲೇ ಬರುವ ನೀಲಿ ಬಣ್ಣವನ್ನು ಸೂಜಿಮೊನೆಯಷ್ಟು ಸೇರಿಸಿದರೆ ಕಣ್ಣಿಗೆ ಬಿಳಿ ಕಾಣುತ್ತದೆ. ಅಜ್ಜನ ಪಂಚೆಗೆ ನೀಲಿ ಹಾಕುತ್ತಿದ್ದರಲ್ಲ, ಅದೇ ಲೆಕ್ಕ. ಹಾಗಂತ ಉಜಾಲಾ ಹಾಕಬೇಡಿ. ಅದರಲ್ಲಿರುವುದು ನೀರು, ರೆಸಿನ್ ಕೆಡುತ್ತದೆ.

ಇನ್ನು ಗುಳ್ಳೆ. ಪ್ರೆಷರ್ ಪಾಟ್ ಗುಳ್ಳೆಯನ್ನು ಹೊರಗೆ ತೆಗೆಯುತ್ತದೆ ಅಂತ ತುಂಬ ಜನ ತಿಳಿದಿದ್ದಾರೆ. ತೆಗೆಯುವುದಿಲ್ಲ, ಕುಗ್ಗಿಸುತ್ತದೆ. 45 ಪಿಎಸ್‌ಐ ಕೊಟ್ಟರೆ ಒಟ್ಟು ಒತ್ತಡ ಗಾಳಿಯ ಸಹಜ ಒತ್ತಡದ ನಾಲ್ಕರಷ್ಟು ಆಗುತ್ತದೆ, ಗುಳ್ಳೆಯ ಗಾತ್ರ ಕಾಲು ಭಾಗಕ್ಕೆ ಇಳಿಯುತ್ತದೆ. ಅಡ್ಡಳತೆ ನೋಡಿದರೆ ಮೂರರಲ್ಲಿ ಎರಡು ಪಾಲಿಗೆ ಹತ್ತಿರ. ಒಂದಿಷ್ಟು ಗಾಳಿ ರೆಸಿನ್‌ನಲ್ಲೇ ಕರಗಿಹೋಗುತ್ತದೆ. ಸಣ್ಣ ಗುಳ್ಳೆ ಕಣ್ಣಿಗೆ ಬೀಳುವುದಿಲ್ಲ, ದೊಡ್ಡದು ಸಣ್ಣದಾಗಿ ಅಲ್ಲೇ ಕೂತಿರುತ್ತದೆ. ರೆಸಿನ್ ಗಟ್ಟಿಯಾಗುವವರೆಗೆ ಒತ್ತಡ ಹಾಗೇ ನಿಲ್ಲಬೇಕು. ಇನ್ನೊಂದು ತಮಾಷೆ ಇದೆ. ಅಚ್ಚಿನ ಸಿಲಿಕೋನ್ ಒಳಗೇ ಗುಳ್ಳೆ ಉಳಿದಿದ್ದರೆ, ಒತ್ತಡಕ್ಕೆ ಅವು ಕುಗ್ಗಿ, ಆ ಜಾಗಕ್ಕೆ ರೆಸಿನ್ ನುಗ್ಗಿ, ಎರಕದ ಮೇಲೆ ಬೆವರುಸಾಲೆಯ ಹಾಗೆ ಸಣ್ಣ ಉಬ್ಬು ಏಳುತ್ತವೆ.

ಪಾಟ್ ಇಲ್ಲದೆ ಏನು ಮಾಡಬೇಕು ಅಂದರೆ, ನಿಧಾನವಾಗಿ ಗಟ್ಟಿಯಾಗುವ, ತೆಳುವಾದ ಎಪಾಕ್ಸಿ ಆರಿಸಿ. ಐದು ನಿಮಿಷದ್ದು ಬೇಡ, ಗುಳ್ಳೆಗೆ ಮೇಲೆ ಬರಲು ಸಮಯವೇ ಸಿಗುವುದಿಲ್ಲ. ರೆಸಿನ್ ಬಾಟಲಿಯನ್ನು ಮುಚ್ಚಳ ಹಾಕಿ, ಸ್ನಾನದ ನೀರಿನಷ್ಟು ಬಿಸಿ ನೀರಲ್ಲಿ ಹತ್ತು ನಿಮಿಷ ನಿಲ್ಲಿಸಿ. ಜೇನಿನ ಹಾಗಿದ್ದದ್ದು ಎಣ್ಣೆಯ ಹಾಗಾಗುತ್ತದೆ. ಬಿಸಿಯಾದಾಗ ಗಟ್ಟಿಯಾಗುವ ವೇಗವೂ ಏರುತ್ತದೆ, ಅದು ನೆನಪಿರಲಿ. ಮೊದಲು ಸಣ್ಣ ಬ್ರಷ್‌ನಲ್ಲಿ ಅಚ್ಚಿನ ಒಳಮೈಗೆಲ್ಲ ರೆಸಿನ್ ಸವರಿ. ಮೂಲೆಗಳಲ್ಲಿ ಕೂತ ಗಾಳಿ ಬಿಡುತ್ತದೆ. ಆಮೇಲೆ ಒಂದೇ ಮೂಲೆಗೆ, ಸ್ವಲ್ಪ ಎತ್ತರದಿಂದ, ದೋಸೆಗೆ ಎಣ್ಣೆ ಬಿಟ್ಟ ಹಾಗೆ ಸಣ್ಣ ಧಾರೆ. ಆ ಧಾರೆಯಲ್ಲೇ ಗುಳ್ಳೆ ಒಡೆಯುತ್ತವೆ.

ಈಗ ಇಷ್ಟೆಲ್ಲ ಹೇಳಿದ ಮೇಲೆ ನಿಮಗೆ ಸಿಟ್ಟು ಬರುವ ಮಾತು. ಕ್ಯಾನೊಪಿಯನ್ನು ಎರಕ ಹೊಯ್ಯಲೇಬೇಡಿ. ಎಷ್ಟು ಚೆನ್ನಾಗಿ ಹೊಯ್ದರೂ ಮನೆಯ ಅಚ್ಚಿನಲ್ಲಿ ಗೋಡೆ ಒಂದು ಮಿಲಿಮೀಟರಿನ ಆಸುಪಾಸು ಬರುತ್ತದೆ. 1:48ರ ಲೆಕ್ಕದಲ್ಲಿ ಅದು 48 ಮಿಲಿಮೀಟರ್ ದಪ್ಪದ ಗಾಜು. ಒಳಗಿನ ಪೈಲಟ್ ಸೀಟು ಭೂತಗನ್ನಡಿಯಲ್ಲಿ ನೋಡಿದ ಹಾಗೆ ಸೊಟ್ಟಗೆ ಕಾಣುತ್ತದೆ. ತೆಳುವಾದ ಟೊಳ್ಳು ವಸ್ತುವಿಗೆ ಬಿಸಿ ಮಾಡಿ ಆಕಾರ ಕೊಡುವ ಪ್ಲಾಸ್ಟಿಕ್ ಹಾಳೆಯೇ ಸರಿ, ದಪ್ಪನೆಯ ಗಟ್ಟಿ ವಸ್ತುವಿಗೆ ಎರಕ.

ನಿಮ್ಮ ಒಡೆದ ಕ್ಯಾನೊಪಿ ಇಲ್ಲೇ ಕೆಲಸಕ್ಕೆ ಬರುತ್ತದೆ. ಟೇಪನ್ನು ಹೊರಗಡೆ ಮಾತ್ರ ಇರಿಸಿ. ಒಳಮೈಗೆ ವ್ಯಾಸಲಿನ್ ತೆಳ್ಳಗೆ ಸವರಿ. ಎಂ-ಸೀಲ್ ಚೆನ್ನಾಗಿ ನಾದಿ, ಗಾಳಿ ಸಿಗದ ಹಾಗೆ ಒಳಗೆ ಒತ್ತಿ ತುಂಬಿ. ಗಟ್ಟಿಯಾಗುವ ಮೊದಲು ಒಂದು ಸ್ಕ್ರೂ ಚುಚ್ಚಿ ನಿಲ್ಲಿಸಿ, ಹಿಡಿಯಲು ಬೇಕು. ಮರುದಿನ ಎಳೆಯಿರಿ. ಕ್ಯಾನೊಪಿ ಪೂರ್ತಿ ಒಡೆದರೂ ಪರವಾಗಿಲ್ಲ. ಈಗ ಕೈಯಲ್ಲಿರುವುದು ಕ್ಯಾನೊಪಿಯ ಒಳ ಅಳತೆ. ಇದರ ಮೇಲೆ ಹಾಳೆ ಕೂತರೆ ಹಾಳೆಯ ದಪ್ಪ ಸೇರಿ ಹೊರ ಅಳತೆ ಕಿಟ್‌ಗೆ ಹತ್ತಿರ ಹತ್ತಿರ ಸರಿಹೋಗುತ್ತದೆ. ಹೊರಗಿನ ಆಕಾರಕ್ಕೇ ಮಾಸ್ಟರ್ ಮಾಡಿದ್ದರೆ ದೊಡ್ಡದಾಗಿ, ವಿಮಾನಕ್ಕೆ ಟೋಪಿ ಹಾಕಿದ ಹಾಗೆ ಕಾಣುತ್ತಿತ್ತು. ಒಂದು ಮಾತು, ಎಂ-ಸೀಲ್ ಬದಲು ಪಾಲಿಯೆಸ್ಟರ್ ರೆಸಿನ್ ತುಂಬಬೇಡಿ. ಅದರಲ್ಲಿರುವ ಸ್ಟೈರೀನ್ ಕಿಟ್‌ನ ಪ್ಲಾಸ್ಟಿಕ್ಕನ್ನೇ ಕರಗಿಸುತ್ತದೆ.

ಬಿರುಕಿನ ಗೆರೆ ಉಜ್ಜಿ ತೆಗೆದು, 2000ರವರೆಗೆ ಪಾಲಿಶ್ ಮಾಡಿ. ಕೆಳಗೆ ಅದೇ ಆಕಾರದ ಐದಾರು ಮಿಲಿಮೀಟರ್ ಎತ್ತರದ ಪೀಠ ಸೇರಿಸಿ. ಹಾಳೆ ಅಂಚಿನಲ್ಲಿ ಹರಡಿಕೊಳ್ಳುವುದು ಆ ಪೀಠದ ಮೇಲೆ ಆಗಲಿ, ಕ್ಯಾನೊಪಿ ಮೇಲೆ ಬೇಡ. ಇನ್ನು ಹಾಳೆ. ಅಂಗಡಿಗೆ ಹೋಗುವ ಮೊದಲು ಮನೆಯ ತಂಪು ಪಾನೀಯದ ಬಾಟಲಿ ನೋಡಿ. ತಳದಲ್ಲಿ ತ್ರಿಕೋನದೊಳಗೆ 1 ಅಂತ ಇದ್ದರೆ ಅದು ಪೆಟ್ ಅನ್ನುವ ಪ್ಲಾಸ್ಟಿಕ್. ಅರ್ಧ ಮಿಲಿಮೀಟರಿಗಿಂತ ತೆಳು, ಗಾಜಿನಷ್ಟು ನಿಚ್ಚಳ. ಬಾಟಲಿ ಮಾಡುವಾಗ ಅದನ್ನು ಹಿಗ್ಗಿಸಿ ಊದಿರುತ್ತಾರೆ, ಬಿಸಿ ಕೊಟ್ಟರೆ ಮತ್ತೆ ಕುಗ್ಗಲು ನೋಡುತ್ತದೆ. ಗೆರೆ ಉಬ್ಬು ಇಲ್ಲದ ನಯವಾದ ಭಾಗ ಆರಿಸಿ, ತಳ ಕತ್ತರಿಸಿ. ಮಾಸ್ಟರ್ ಅನ್ನು ಒಳಗಿಟ್ಟು, ಹಿಂದೆ ಮರದ ತುಂಡು ತುರುಕಿ ಬಿಗಿ ಮಾಡಿ. ಹಾಟ್ ಏರ್ ಗನ್ ದೂರದಿಂದ ಹಿಡಿದು ಬಾಟಲಿ ತಿರುಗಿಸುತ್ತ ಹೋಗಿ. ಮೊದಲು ಏನೂ ಆಗುವುದಿಲ್ಲ. ಆಮೇಲೆ ಒಮ್ಮೆಗೇ ಸುಕ್ಕೆದ್ದು, ಸೆಳೆದುಕೊಂಡು, ಮಾಸ್ಟರ್ ಮೈಗೆ ಅಂಟಿಕೊಳ್ಳುತ್ತದೆ. ಅಷ್ಟಕ್ಕೇ ನಿಲ್ಲಿಸಿ. ಹೆಚ್ಚು ಬಿಸಿಯಾದರೆ ಪೆಟ್ ಹಾಲಿನ ಹಾಗೆ ಬೆಳ್ಳಗಾಗುತ್ತದೆ, ಮತ್ತೆ ಸರಿಹೋಗುವುದಿಲ್ಲ. ಮೊದಲ ಎರಡು ಮೂರು ಬಾಟಲಿ ಹಾಳಾಗುತ್ತವೆ, ಆಗಲಿ. ಇದರಲ್ಲಿ ಹೊರಮೈ ಯಾವುದಕ್ಕೂ ತಾಗುವುದೇ ಇಲ್ಲ. ಹೊಳಪು ಹುಟ್ಟಿನಿಂದಲೇ ಇದೆ, ನೀವು ಕೆಡಿಸದಿದ್ದರೆ ಸಾಕು. ತ್ರಿಕೋನದಲ್ಲಿ 3 ಇದ್ದರೆ ಅದು ಪಿವಿಸಿ, ಅದಕ್ಕೆ ಬಿಸಿ ಕೊಡಬೇಡಿ. ಆ ಹೊಗೆ ವಿಷ.

ಹಾಗಾದರೆ ರೆಸಿನ್ ವ್ಯರ್ಥವಾ? ಇಲ್ಲ. ರೆಕ್ಕೆಯ ತುದಿಯ ದೀಪಗಳಿಗೆ ಅದೇ ಬೇಕು. ಸಣ್ಣ, ಗಟ್ಟಿ, ದಪ್ಪ. ಒಂದು ಹನಿಯಷ್ಟೇ ಬೇಕಾದಲ್ಲಿ ಹತ್ತು ಗ್ರಾಂ ಎಪಾಕ್ಸಿ ಕಲಸುವ ಬದಲು, ಯುವಿ ಬೆಳಕು ಬಿದ್ದರೆ ಗಟ್ಟಿಯಾಗುವ ಯುವಿ ರೆಸಿನ್ ಒಳ್ಳೆಯದು. ತೂಕ ಇಲ್ಲ, ಕಲಸುವುದಿಲ್ಲ, ಹಾಗಾಗಿ ಗುಳ್ಳೆಯೂ ಕಡಿಮೆ. ಬೆಳಕು ದಾಟುವ ಅರೆಪಾರದರ್ಶಕ ಸಿಲಿಕೋನ್ ಅಚ್ಚು ಬೇಕು. ಸೂಜಿಯಲ್ಲಿ ಒಂದು ಹನಿ ಬಿಟ್ಟು, ಮೇಲೆ ಒಂದು ತುಂಡು ಓಎಚ್‌ಪಿ ಹಾಳೆ (ಪ್ರೊಜೆಕ್ಟರ್‌ಗೆ ಬಳಸುವ ಪಾರದರ್ಶಕ ಪ್ಲಾಸ್ಟಿಕ್) ಮುಚ್ಚಿ ಒತ್ತಿ. ಯುವಿ ರೆಸಿನ್‌ನ ಮೈಗೆ ಗಾಳಿಯ ಆಮ್ಲಜನಕ ತಾಗಿದರೆ ಅಂಟಾಗಿ ಉಳಿಯುತ್ತದೆ. ಹಾಳೆ ಗಾಳಿ ತಡೆಯುತ್ತದೆ, ಹಿಂಬದಿಯೂ ಚಪ್ಪಟೆಯಾಗಿ ಹೊಳೆಯುತ್ತದೆ. 405 ನ್ಯಾನೊಮೀಟರಿನ ಟಾರ್ಚ್ ಇದ್ದರೆ ಸರಿ, ಇಲ್ಲದಿದ್ದರೆ ಗೋವಾದ ಬಿಸಿಲಿಗಿಂತ ದೊಡ್ಡ ಟಾರ್ಚ್ ಯಾವುದಿದೆ? ಪೈಲಟ್‌ನ ಎಡಕ್ಕೆ ಕೆಂಪು, ಬಲಕ್ಕೆ ಹಸಿರು. ಬಣ್ಣವನ್ನು ಹಿಂಬದಿಗೆ ಹಚ್ಚಿ, ಅದರ ಹಿಂದೆ ಚೂರು ಬೆಳ್ಳಿ ಬಣ್ಣ. ದೀಪ ಹಚ್ಚಿಟ್ಟ ಹಾಗೆ ಕಾಣುತ್ತದೆ.

ರೆಸಿನ್ ಯಾವುದೇ ಇರಲಿ, ಅಡುಗೆಮನೆಯಲ್ಲಿ ಬೇಡ, ಬರಿಗೈಯಲ್ಲಿ ಬೇಡ. ಎಪಾಕ್ಸಿ ಅಲರ್ಜಿ ಒಮ್ಮೆ ಅಂಟಿಕೊಂಡರೆ ಬಿಡುವುದಿಲ್ಲ. ನನ್ನ ಬೆರಳ ಸಂದಿಯಲ್ಲಿ ಈಗಲೂ ತುರಿಕೆ ಏಳುತ್ತದೆ, ಆ ಕಾಲದಲ್ಲಿ ಗ್ಲೌಸ್ ಹಾಕುವುದು ಅಂದರೆ ನಮಗೆ ನಾಚಿಕೆ. ಪಾಲಿಯುರಿಥೇನ್ ರೆಸಿನ್ ಕೊಳ್ಳಲು ಮನಸ್ಸಾದರೆ ತಡೆದುಕೊಳ್ಳಿ. ಅದಕ್ಕೆ ತೇವ ತಾಗಿದರೆ ತಾನೇ ಗ್ಯಾಸ್ ಹುಟ್ಟಿಸಿ ನೊರೆಯಾಗುತ್ತದೆ, ಅದರ ಐಸೊಸಯನೇಟ್ ಉಸಿರಾಟಕ್ಕೆ ಕೆಟ್ಟದ್ದು. ಕಡಲ ತೀರದ ಮನೆಗೆ ಅದು ಹೇಳಿದ್ದಲ್ಲ.

ಕ್ಯಾನೊಪಿ ಅಂಟಿಸುವಾಗ ಸೂಪರ್ ಗ್ಲೂ ಮುಟ್ಟಬೇಡಿ. ಅದರ ಆವಿ ಒಳಗಿನಿಂದ ಬಿಳಿ ಮಂಜಾಗಿ ಕೂರುತ್ತದೆ, ತೇವ ಜಾಸ್ತಿ ಇದ್ದ ದಿನ ಇನ್ನೂ ಬೇಗ. ಫೆವಿಕಾಲ್ ತೆಳ್ಳಗೆ ಹಚ್ಚಿ ಒಂದು ರಾತ್ರಿ ಬಿಡಿ. ಅದಕ್ಕೂ ಮೊದಲು ಕ್ಯಾನೊಪಿಯ ಗಾಜು ಹಿಡಿದಿರುವ ಫ್ರೇಮಿನ ಬಣ್ಣ. ನೀವು ಇರುವುದು ವಾಸ್ಕೋದಲ್ಲಿ, ಬೊಗ್ಮಾಲೋ ರಸ್ತೆಯ ನೌಕಾ ವಾಯುಯಾನ ಮ್ಯೂಸಿಯಂ ಪಕ್ಕದಲ್ಲೇ ಇದೆ. ಅಲ್ಲಿ ನಿಜವಾದ ಸೀ ಹಾಕ್ ನಿಂತಿದೆ. ಕಿಟ್‌ನ ಡಬ್ಬಿ ಚಿತ್ರ ನಂಬುವ ಬದಲು ಒಂದು ಬೆಳಿಗ್ಗೆ ಹೋಗಿ, ಕ್ಯಾನೊಪಿ ಎತ್ತರಕ್ಕೆ ಫೋನ್ ಹಿಡಿದು ಪಕ್ಕದಿಂದ ನಾಲ್ಕು ಫೋಟೊ ತೆಗೆದುಕೊಂಡು ಬನ್ನಿ. ಫ್ರೇಮಿನ ಪಟ್ಟಿ ಎಷ್ಟು ಅಗಲ, ಎಲ್ಲಿ ಮುಗಿಯುತ್ತದೆ ಅಂತ ನೋಡಿಕೊಂಡು ಆಮೇಲೆ ಮಾಸ್ಕಿಂಗ್ ಟೇಪ್ ಕತ್ತರಿಸಿ.